ಪೋರ್ಟ್‌ಫೋಲಿಯೊ ಪ್ರಿಂಟ್: ಕಪ್ಪು ಹಿನ್ನೆಲೆಯ ತೊಂದರೆ ಬಗೆಹರಿದದ್ದು ಹೀಗೆ

ನಾನು ವಿನ್ಯಾಸ ಮಾಡಿದ ಕರಪತ್ರ, ಲೆಟರ್‌ಹೆಡ್, ಅಂಗಡಿ ಬೋರ್ಡುಗಳ ಮಾದರಿಗಳನ್ನು ಒಟ್ಟಿಗೆ ತೋರಿಸುವ ಪುಸ್ತಕವೇ ಈ ಪೋರ್ಟ್‌ಫೋಲಿಯೊ. ಸ್ಕ್ರೀನಿನಲ್ಲಿ ಅದರ ಕಪ್ಪು ಹಿನ್ನೆಲೆ ಬಹಳ ಚಂದ ಕಾಣುತ್ತಿತ್ತು. ಕಾಸರಗೋಡಿನಲ್ಲಿ ಡಿಜಿಟಲ್ ಪ್ರಿಂಟ್ ತೆಗೆಸಿದಾಗ ಮಡಿಕೆಯಲ್ಲಿ ಟೋನರ್ (ಪ್ರಿಂಟರಿನ ಬಣ್ಣದ ಪುಡಿ) ಬಿರಿದು ಬಿಳಿ ಗೆರೆ ಎದ್ದಿತು, ಪುಟದ ತುಂಬ ಬೆರಳಚ್ಚು. ಎಲ್ಲಕ್ಕಿಂತ ಬೇಸರವಾದದ್ದು ಅಕ್ಷರಗಳ ಗತಿ ನೋಡಿ. ಕಪ್ಪಿನ ಮೇಲೆ ಬಿಳಿ ಅಕ್ಷರ ಬಿಡುವಾಗ ಸುತ್ತಲಿನ ಟೋನರ್ ಒಳಗೆ ಹರಡುತ್ತದೆ. ಯಕ್ಷಗಾನ ಕರಪತ್ರದ ಕೆಳಗಿನ ಸಣ್ಣ ಸಾಲಿನಲ್ಲಿ ಒತ್ತಕ್ಷರಗಳೆಲ್ಲ ಮುಚ್ಚಿಹೋಗಿದ್ದವು. ಇಂಗ್ಲಿಷಿಗಿಂತ ಕನ್ನಡ, ಮಲಯಾಳಕ್ಕೇ ಇದರ ಏಟು ಜಾಸ್ತಿ.

ಹಿನ್ನೆಲೆಯನ್ನು ಬಿಳಿ ಮಾಡಿದೆ. ಆಗ ಬಿಳಿ ಬಣ್ಣದ ಕರಪತ್ರ, ಲೆಟರ್‌ಹೆಡ್‌ಗಳ ಅಂಚೇ ಕಾಣದಾಯಿತು. ಅಂಥವುಗಳ ಹಿಂದೆ ಮಾತ್ರ ತಿಳಿ ಬೂದು ಚೌಕ ಇಟ್ಟೆ: ಕಪ್ಪು ಒಂದೇ, ಶೇ. 10. ಪ್ರಿಂಟಿನ ಉಳಿದ ಮೂರು ಬಣ್ಣ, ಅಂದರೆ ಸಯಾನ್ (ಹಸಿರು ನೀಲಿ), ಮಜೆಂಟಾ (ಗಾಢ ಗುಲಾಬಿ), ಹಳದಿ, ಸೊನ್ನೆ. ನಾಲ್ಕೂ ಬಣ್ಣ ಬೆರೆಸಿದ ಬೂದು ಪುಟದಿಂದ ಪುಟಕ್ಕೆ ಕೆಂಪಿಗೋ ಹಸಿರಿಗೋ ವಾಲುವುದುಂಟು. ಉಳಿದ ಕಡೆ ಕಾಗದದ ಬಣ್ಣವೇ ಸಾಕು. 170 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮ್ಯಾಟ್, ಅಂದರೆ ಹೊಳಪಿಲ್ಲದ, ಆರ್ಟ್ ಪೇಪರ್ ಕೈಗೂ ಹಿತ.

ಲೇಔಟ್ ಎ4 ಅಡ್ಡ. ಬೈಂಡಿಂಗ್ ಬದಿಗೆ 20 ಮಿ.ಮೀ. ಖಾಲಿ ಜಾಗ, ಅಂಚಿಗೆ ತಾಗುವ ಚಿತ್ರಕ್ಕೆ 3 ಮಿ.ಮೀ. ಬ್ಲೀಡ್ (ಪುಟ ಕತ್ತರಿಸುವಾಗ ಹೋಗುವ ಹೆಚ್ಚುವರಿ ಭಾಗ). ಅಂಗಡಿ ಬೋರ್ಡುಗಳ ಕನ್ನಡ, ಮಲಯಾಳ ರೂಪಗಳನ್ನು ಎದುರುಬದುರು ಪುಟದಲ್ಲಿ ಒಂದೇ ಅಳತೆಯಲ್ಲಿ ಇಟ್ಟೆ. ನನ್ನ ಕೆಲಸದಲ್ಲಿ ಜನ ನೋಡಬೇಕಾದದ್ದು ಅದೇ. ವಿವರಣೆಯ ಸಾಲುಗಳಿಗೆ ಅಂತರ ಧಾರಾಳವಾಗಿರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ.

ಪೂರ್ತಿ ಪ್ರಿಂಟಿಗೆ ಕೊಡುವ ಮೊದಲು ಬೂದು ಚೌಕವಿರುವ ಒಂದು ಪುಟವನ್ನು ಅದೇ ಮೆಷಿನ್ನಿನಲ್ಲಿ, ಅದೇ ಕಾಗದದಲ್ಲಿ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ.