ಪ್ರಿಂಟ್ ಒಂದೇ ಪುಟಕ್ಕೆ ನಿಲ್ಲುತ್ತಿದೆಯೇ? ಮುಂದಿನ ಪುಟಗಳನ್ನು ತರುವುದು ಹೀಗೆ

ನೀವು ಬರೆದ ಡೆಸ್ಕ್‌ಟಾಪ್ ಅಪ್ಲಿಕೇಶನ್‌ನಲ್ಲಿ ಪ್ರಿಂಟ್ ಬಟನ್ ಒತ್ತುತ್ತೀರಿ. ಮೊದಲ ಪುಟ ಚೆನ್ನಾಗಿ ಬರುತ್ತದೆ. ಉಳಿದ ಸಾಲುಗಳು ಮಾತ್ರ ಕಾಣುವುದೇ ಇಲ್ಲ. ಪ್ರಿಂಟಿಂಗ್ ಕೋಡ್‌ಗೆ ಹೊಸಬರಾದವರು ಸಾಮಾನ್ಯವಾಗಿ ಮೊದಲು ಎಡವುವುದು ಇಲ್ಲೇ.

ಪರದೆಯಲ್ಲಿ ಸ್ಕ್ರಾಲ್ ಮಾಡಬಹುದು, ಕಾಗದದಲ್ಲಿ ಆಗುವುದಿಲ್ಲ ಅಲ್ವಾ? ಪ್ರಿಂಟಿಂಗ್ ವ್ಯವಸ್ಥೆ ಒಂದೊಂದೇ ಖಾಲಿ ಪುಟ ಮುಂದಿಟ್ಟು 'ಇದರಲ್ಲಿ ಏನಿರಬೇಕು?' ಎಂದು ಕೇಳುತ್ತದೆ. ಎಲ್ಲಿಗೆ ನಿಲ್ಲಿಸಿದ್ದೆವು ಎಂದು ನೆನಪಿಡುವ ಕೆಲಸ ನಮ್ಮದು.

ವಿಂಡೋಸ್ ಅಪ್ಲಿಕೇಶನ್ ಬರೆಯಲು ಬಳಸುವ ಡಾಟ್‌ನೆಟ್‌ನ ವಿಂಡೋಸ್ ಫಾರ್ಮ್ಸ್ ಹಿಡಿದು ನೋಡೋಣ. ಅಲ್ಲಿ ಪ್ರಿಂಟ್ ಕೆಲಸ ನಡೆಸುವ ಪ್ರಿಂಟ್‌ಡಾಕ್ಯುಮೆಂಟ್ ಎಂಬ ಕ್ಲಾಸ್ ಪ್ರತಿ ಪುಟಕ್ಕೂ ಪ್ರಿಂಟ್‌ಪೇಜ್ ಈವೆಂಟ್ ಕಳಿಸುತ್ತದೆ. ಆ ಪುಟದ ಸಾಲುಗಳನ್ನು ಬರೆದು ಮುಗಿಸಿದ ಮೇಲೆ, ಇನ್ನೂ ಸಾಲು ಉಳಿದಿದ್ದರೆ, 'ಇನ್ನೂ ಪುಟಗಳಿವೆ' ಎಂದು ತಿಳಿಸುವ ಹ್ಯಾಸ್‌ಮೋರ್‌ಪೇಜಸ್ ಅನ್ನು ಟ್ರೂ ಮಾಡಿ. ಈವೆಂಟ್ ಮತ್ತೆ ಬರುತ್ತದೆ. 'ಪುಟ ತುಂಬಿತು' ಎಂಬುದನ್ನು ನೋಡಿ ಟ್ರೂ ಮಾಡಬೇಡಿ. ಸಾಲುಗಳು ಸರಿಯಾಗಿ ಪುಟದ ಕೊನೆಗೇ ಮುಗಿದರೆ ಸುಮ್ನೆ ಒಂದು ಖಾಲಿ ಹಾಳೆ ಹೊರಬರುತ್ತದೆ.

ಅಂಚು ಬಿಟ್ಟು ಬರೆಯಲು ಸಿಗುವ ಜಾಗದ ಅಳತೆ ಈವೆಂಟ್‌ನ ಮಾರ್ಜಿನ್‌ಬೌಂಡ್ಸ್‌ನಲ್ಲಿ ಸಿಗುತ್ತದೆ, ಇಂಚಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. ಎ4 ಹಾಳೆ 827 ಅಗಲ, 1169 ಎತ್ತರ. ಸುತ್ತ ಒಂದೊಂದು ಇಂಚು ಬಿಟ್ಟರೆ ಬರೆಯಲು ಉಳಿಯುವುದು 627 ಮತ್ತು 969. 'ಪುಟಕ್ಕೆ 40 ಸಾಲು' ಎಂದು ಕೋಡ್‌ನಲ್ಲಿ ಬರೆದಿಟ್ಟರೆ, ಫಾಂಟ್ ಅಥವಾ ಕಾಗದ ಬದಲಾದ ದಿನ ಎಲ್ಲ ಕೆಡುತ್ತದೆ. ಪ್ರತಿ ಸಾಲಿನ ಎತ್ತರವನ್ನು ಅಳೆದೇ ಮುಂದೆ ಹೋಗಿ.

ಈಗ ಮುಖ್ಯ ವಿಷಯ. ಎಷ್ಟನೇ ಸಾಲಿನಲ್ಲಿದ್ದೇವೆ ಎಂಬ ಎಣಿಕೆಯನ್ನು ಪ್ರಿಂಟ್‌ಪೇಜ್ ಒಳಗಿನ ಲೋಕಲ್ ವೇರಿಯಬಲ್‌ನಲ್ಲಿಟ್ಟರೆ ಪ್ರತಿ ಪುಟದಲ್ಲೂ ಅದು ಸೊನ್ನೆಗೆ ಮರಳುತ್ತದೆ. ಮೊದಲ ಪುಟವೇ ಕೊನೆಯಿಲ್ಲದೆ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಆ ಎಣಿಕೆ ಕ್ಲಾಸ್‌ನಲ್ಲಿರಲಿ. ಅದನ್ನು ಮೊದಲ ಪುಟಕ್ಕೂ ಮುಂಚೆ ಒಮ್ಮೆ ಬರುವ ಬಿಗಿನ್‌ಪ್ರಿಂಟ್ ಈವೆಂಟ್‌ನಲ್ಲಿ ಸೊನ್ನೆ ಮಾಡಿ. ಇದನ್ನು ಮರೆತರೆ ಪ್ರಿವ್ಯೂ ಸರಿಯಾಗಿ ಕಾಣುತ್ತದೆ, ಅಲ್ಲಿಂದಲೇ ಪ್ರಿಂಟ್ ಕೊಟ್ಟಾಗ ಖಾಲಿ ಹಾಳೆ ಬರುತ್ತದೆ. ಪ್ರಿವ್ಯೂ ಕೂಡ ಅದೇ ಕೋಡ್ ಓಡಿಸಿ, ಎಣಿಕೆಯನ್ನು ಕೊನೆಗೆ ತಂದು ನಿಲ್ಲಿಸಿರುತ್ತದೆ.

ಇನ್ನೂ ಗಟ್ಟಿಯಾದ ದಾರಿ ಒಂದಿದೆ. ನನಗೆ ಜಾಸ್ತಿ ಇಷ್ಟವಾಗುವುದೂ ಅದೇ. ಬಿಗಿನ್‌ಪ್ರಿಂಟ್‌ನಲ್ಲೇ ಎಲ್ಲ ಸಾಲುಗಳನ್ನೂ ಅಳೆದು, ಯಾವ ಪುಟ ಯಾವ ಸಾಲಿನಿಂದ ಶುರು ಎಂಬ ಪಟ್ಟಿ ಮಾಡಿಕೊಳ್ಳಿ. ಆಗ '5ರಲ್ಲಿ 2ನೇ ಪುಟ' ಎಂದು ಅಚ್ಚು ಹಾಕಬಹುದು. ಬಳಕೆದಾರರು 3ರಿಂದ 4ನೇ ಪುಟ ಮಾತ್ರ ಕೇಳಿದರೆ ನೇರ ಅಲ್ಲಿಗೇ ಹೋಗಬಹುದು. ಬೇಡದ ಪುಟಗಳನ್ನು ಬಿಡುವುದನ್ನು ಪ್ರಿಂಟ್‌ಡಾಕ್ಯುಮೆಂಟ್ ತಾನಾಗಿ ಮಾಡುವುದಿಲ್ಲ, ನೆನಪಿರಲಿ. ಜಾವಾದಲ್ಲಂತೂ ಈ ಪಟ್ಟಿ ಇದ್ದರೇ ಒಳ್ಳೆಯದು. ಅಲ್ಲಿ ವ್ಯವಸ್ಥೆ ಪುಟದ ನಂಬರ್ ಕೊಟ್ಟು ಕೇಳುತ್ತದೆ, ಒಂದೇ ಪುಟವನ್ನು ಎರಡು ಸಲ ಕೇಳಿದರೂ ಕೇಳಬಹುದು. ಪ್ರತಿ ಕರೆಗೂ ಏರುವ ಎಣಿಕೆ ಅಲ್ಲಿ ಸಾಲುಗಳನ್ನು ನುಂಗಿಹಾಕುತ್ತದೆ.

ಪಟ್ಟಿ ಮಾಡುವಾಗ ಪುಟಕ್ಕೆ ಕನಿಷ್ಠ ಒಂದು ಸಾಲೋ ಚಿತ್ರವೋ ಸೇರಿಸಿ. ಇಲ್ಲದಿದ್ದರೆ ಪುಟಕ್ಕಿಂತ ಎತ್ತರದ ಚಿತ್ರವೊಂದು ಬಂದಾಗ, ಅದು ಯಾವ ಪುಟದಲ್ಲೂ ಹಿಡಿಸದೆ ಲೂಪ್ ನಿಲ್ಲುವುದೇ ಇಲ್ಲ.

ಪರೀಕ್ಷೆಗೆ ಕಾಗದ ಹಾಳು ಮಾಡಬೇಕಿಲ್ಲ, ಪಿಡಿಎಫ್ ಪ್ರಿಂಟರ್ ಸಾಕು. ಸಾಲೇ ಇಲ್ಲದ ದಾಖಲೆ, ಸರಿಯಾಗಿ ಒಂದು ಪುಟ ತುಂಬುವ ದಾಖಲೆ, ಅದಕ್ಕಿಂತ ಒಂದೇ ಸಾಲು ಹೆಚ್ಚಿರುವ ದಾಖಲೆ, ಈ ಮೂರನ್ನೂ ಮೊದಲು ಪ್ರಿವ್ಯೂ ನೋಡಿ, ಅಲ್ಲಿಂದಲೇ ಎರಡೆರಡು ಸಲ ಪ್ರಿಂಟ್ ಕೊಟ್ಟು ಪುಟಗಳನ್ನು ಎಣಿಸಿ.