ಯುರೋಪಿನ ನಾನ್‌ಸ್ಟಾಪ್ ಸಿ.ಡಿ.ಯನ್ನು ತಾಳ ಕಡಿಯದಂತೆ ಪೆನ್‌ಡ್ರೈವ್‌ಗೆ ಇಳಿಸುವ ಬಗೆ

ಯುರೋಪಿನ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತದ ಸಂಕಲನಗಳಲ್ಲಿ ಎರಡು ಬಗೆಗಳಿವೆ. ಒಂದು ಬಗೆಯಲ್ಲಿ ಬೇರೆ ಬೇರೆ ಕಲಾವಿದರ ಹಾಡುಗಳು ನಮ್ಮ ಸಿನಿಮಾ ಹಾಡಿನ ಸಿ.ಡಿ.ಗಳಂತೆ ಬಿಡಿಬಿಡಿಯಾಗಿರುತ್ತವೆ, ಇನ್ನೊಂದರಲ್ಲಿ ಒಬ್ಬ ಡಿಜೆ ಅವನ್ನೆಲ್ಲ ಹೂವು ಕಟ್ಟಿದಂತೆ ಹೆಣೆದು, ಮೊದಲಿನಿಂದ ಕೊನೆಯವರೆಗೆ ತಾಳ ನಿಲ್ಲದಂತೆ ನಡೆಸುತ್ತಾನೆ. 1995ರಲ್ಲಿ ಬರ್ಲಿನ್ನಿನಿಂದ ಹೊರಡತೊಡಗಿದ ‘ಡಿಜೆ-ಕಿಕ್ಸ್’ ಮಾಲೆಯೂ, 1996ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿ ಸಂಚಿಕೆಗೊಂದು ನಗರದ ಹೆಸರು ಹೊತ್ತು ಬಂದ ‘ಗ್ಲೋಬಲ್ ಅಂಡರ್‌ಗ್ರೌಂಡ್’ ಮಾಲೆಯೂ ಈ ಎರಡನೆಯ ಬಗೆಗೆ ಸೇರಿದವು. ನಿಮ್ಮ ಕೈಯಲ್ಲಿರುವುದು ಯಾವುದೆಂದು ತಿಳಿಯಲು ಡಬ್ಬಿಯ ಹಿಂಬದಿಯಲ್ಲಿ ‘ಮಿಕ್ಸ್ಡ್ ಬೈ’ ಎಂಬ ಸಾಲಿದೆಯೇ ನೋಡಿ. ಇದ್ದರೆ ಮುಂದಿನ ಮಾತು ನಿಮಗೆ ಬೇಕಾಗುತ್ತದೆ.

ಜರ್ಮನಿಯಲ್ಲಿ ಕೆಲಸ ಮಾಡಿ ಬಂದ ನೆಂಟರೊಬ್ಬರು ಕೊಟ್ಟ ಅಂಥದೊಂದು ಸಿ.ಡಿ.ಯನ್ನು ನಾನು ತುಮಕೂರಿನ ಒಂದು ಅಂಗಡಿಯಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡಿದ್ದೆ. ಬೆಂಗಳೂರಿಗೆ ಹೊರಟು ಕ್ಯಾತ್ಸಂದ್ರ ದಾಟುವಷ್ಟರಲ್ಲಿ ತಾಳ ಕಡಿದು ಮೊದಲ ಬಿಕ್ಕಳಿಕೆ ಕೇಳಿಸಿತು. ಅಲ್ಲಿಂದ ಮುಂದೆ ಪ್ರತಿ ಹಾಡು ಬದಲಾಗುವಾಗಲೂ ಅದೇ ಕಥೆ. ಅಂಗಡಿಯವರ ತಪ್ಪು ಇಷ್ಟೇ: ಎಲ್ಲ ಸಿ.ಡಿ.ಗಳಂತೆ ಇದನ್ನೂ ಹಾಡುಹಾಡಾಗಿ ಕತ್ತರಿಸಿ ಎಂಪಿ3 ಮಾಡಿದ್ದರು.

ಬಿಕ್ಕಳಿಕೆಗೆ ಕಾರಣ ಹೀಗಿದೆ. ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ 44,100 ಧ್ವನಿಮಾದರಿಗಳು, ಅಂದರೆ ಧ್ವನಿಯ ಅಳತೆಗಳು, ಇರುತ್ತವೆ. ಅವನ್ನು ಸೆಕೆಂಡಿಗೆ 75 ತುಂಡುಗಳಂತೆ, ತುಂಡಿಗೆ 588ರಂತೆ ಹಂಚಲಾಗಿರುತ್ತದೆ. ಎಂಪಿ3 ಆದರೋ 1,152ರ ಕಂತೆ ಕಟ್ಟುತ್ತದೆ. ಹಾಡಿನ ಕೊನೆಗೆ ಕಂತೆ ತುಂಬದಿದ್ದರೆ ಉಳಿದ ಜಾಗಕ್ಕೆ ಮೌನ ಸೇರಿಸುತ್ತದೆ, ಆರಂಭದಲ್ಲೂ ಒಂದಿಷ್ಟು ಮೌನ ಬಂದು ಕೂರುತ್ತದೆ. ಇದರ ಮೇಲೆ ಕಾರಿನ ಸ್ಟೀರಿಯೊ ಒಂದು ಫೈಲ್ ಮುಚ್ಚಿ ಇನ್ನೊಂದನ್ನು ತೆರೆಯಲು ತೆಗೆದುಕೊಳ್ಳುವ ಹೊತ್ತು ಬೇರೆ. ನಿಮಿಷಕ್ಕೆ 128 ಪೆಟ್ಟಿನ ಸಂಗೀತದಲ್ಲಿ ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಅರ್ಧ ಸೆಕೆಂಡೂ ಇರುವುದಿಲ್ಲವಾದ್ದರಿಂದ, ಕಾಲು ಸೆಕೆಂಡಿನ ಮೌನವೂ ಮೆಟ್ಟಿಲು ತಪ್ಪಿದಂತೆ ಭಾಸವಾಗುತ್ತದೆ. ಅದರಲ್ಲೂ ಡಿಜೆ ಎರಡು ಹಾಡುಗಳನ್ನು ಕೂಡಿಸುವುದು ಸಾಮಾನ್ಯವಾಗಿ 32 ಪೆಟ್ಟುಗಳ, ಅಂದರೆ ಈ ವೇಗದಲ್ಲಿ ಸರಿಯಾಗಿ 15 ಸೆಕೆಂಡುಗಳ, ಲೆಕ್ಕದಲ್ಲಿ. ಹಳೆಯ ಹಾಡಿನ ಬೇಸ್ ಇಳಿಯುತ್ತಿರುವಾಗಲೇ ಹೊಸ ಹಾಡಿನ ಡ್ರಮ್ ಏರುತ್ತಿರುತ್ತದೆ. ಹಾಡಿನ ಗಡಿಗೆರೆ ಬೀಳುವುದು ಅನೇಕ ವೇಳೆ ಈ ಹೆಣಿಗೆಯ ನಟ್ಟನಡುವೆ.

ಆದ್ದರಿಂದ ಇಡೀ ಸಿ.ಡಿ.ಯನ್ನು ಒಂದೇ ಫೈಲಾಗಿ ಇಳಿಸಿಕೊಳ್ಳಬೇಕು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಡ್ರೈವ್ ಇರುವುದು ಅಪರೂಪ. ಯು.ಎಸ್.ಬಿ.ಗೆ ಸಿಕ್ಕಿಸುವ ಡಿ.ವಿ.ಡಿ. ಡ್ರೈವನ್ನು ಕೊಳ್ಳಬಹುದು, ಇಲ್ಲವೇ ಮದುವೆಯ ಡಿ.ವಿ.ಡಿ. ಮಾಡಿಕೊಡುತ್ತಿದ್ದ ಫೋಟೊ ಸ್ಟುಡಿಯೊಗಳಲ್ಲಿ ವಿಚಾರಿಸಬಹುದು. ಸಿ.ಡಿ.ಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಿಸಿ ಒರೆಸಬೇಡಿ. ಸುತ್ತಗೆರೆಯ ಗೀರು ಧ್ವನಿಯ ಜಾಡಿನುದ್ದಕ್ಕೂ ಸಾಗುವುದರಿಂದ ಅದನ್ನು ಸರಿಪಡಿಸಿಕೊಳ್ಳುವುದು ಡ್ರೈವಿಗೆ ಕಷ್ಟ. ಹೆಸರು ಅಚ್ಚಾದ ಮೇಲ್ಬದಿಯ ಗೀರು ಇನ್ನೂ ಅಪಾಯಕಾರಿ, ಏಕೆಂದರೆ ಹೊಳಪಿನ ಪದರವಿರುವುದು ಅದರ ಕೆಳಗೇ.

ವಿಂಡೋಸ್‌ನಲ್ಲಿ ‘ಎಕ್ಸಾಕ್ಟ್ ಆಡಿಯೊ ಕಾಪಿ’ ಎಂಬ ತಂತ್ರಾಂಶ ಈ ಕೆಲಸಕ್ಕೆ ಸಾಕು. ‘ಸೆಕ್ಯೂರ್’ ವಿಧಾನವನ್ನು ಆರಿಸಿ, ‘ಆ್ಯಕ್ಷನ್’ ಪಟ್ಟಿಯಲ್ಲಿ ‘ಕಾಪಿ ಇಮೇಜ್ ಅಂಡ್ ಕ್ರಿಯೇಟ್ ಕ್ಯೂ ಶೀಟ್’ ಎಂಬುದನ್ನು ಒತ್ತಿ. ಅನುಮಾನ ಬಂದ ಕಡೆ ತಂತ್ರಾಂಶ ಮತ್ತೆ ಮತ್ತೆ ಓದುತ್ತದೆಯಾದ್ದರಿಂದ ತಡವಾಗುತ್ತದೆ, ಅವಸರ ಮಾಡಬೇಡಿ. ಕೊನೆಗೆ ಒಂದು ಧ್ವನಿ ಫೈಲ್ ಮತ್ತು ಯಾವ ಹಾಡು ಎಲ್ಲಿ ಶುರುವಾಗುತ್ತದೆಂದು ಬರೆದಿಟ್ಟ ಒಂದು ಸಣ್ಣ ಕ್ಯೂ ಫೈಲ್ ಸಿಗುತ್ತವೆ. ಕ್ಯೂ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪ್ರತಿ ಹಾಡಿನ ಮುಂದೆ 05:42:30 ಎಂಬಂಥ ಅಂಕಿಗಳು ಕಾಣುತ್ತವೆ: 5 ನಿಮಿಷ, 42 ಸೆಕೆಂಡು, ಅದರ ಮೇಲೆ ಸೆಕೆಂಡಿನ 75 ತುಂಡುಗಳಲ್ಲಿ 30. ಕಂಪ್ಯೂಟರಿನಲ್ಲಿ ‘ಫೂಬಾರ್2000’ ಎಂಬ ಪ್ಲೇಯರ್ ಇದನ್ನು ಓದಿ ಹಾಡುಗಳನ್ನು ಬೇರೆ ಬೇರೆಯಾಗಿ ತೋರಿಸುತ್ತದೆ, ಆದರೆ ತಾಳವನ್ನು ಕಡಿಯುವುದಿಲ್ಲ.

ಕಾರಿಗೆ ಬೇಕಾದ ಪ್ರತಿಯನ್ನು ಇದೇ ಉದ್ದನೆಯ ಫೈಲಿನಿಂದ 320 ಕೆ.ಬಿ.ಪಿ.ಎಸ್. ಎಂಪಿ3 ಮಾಡಿಕೊಳ್ಳಿ, 74 ನಿಮಿಷಕ್ಕೆ ಸುಮಾರು 178 ಎಂ.ಬಿ. ಆಗುತ್ತದೆ. ಬೇಕೆಂದ ಹಾಡಿಗೆ ಹಾರಲು ಬರುವುದಿಲ್ಲ ನಿಜ, ಆದರೆ ಡಿಜೆ ಕಟ್ಟಿದ ಮಾಲೆಯಲ್ಲಿ ಹಾರುವುದೇ ತಪ್ಪೆಂದು ನನಗನ್ನಿಸುತ್ತದೆ. ಮೊಬೈಲಿಗಾದರೆ ಕ್ಯೂ ಫೈಲಿನ ನೆರವಿನಿಂದ ಹಾಡುಗಳನ್ನು ಬಿಡಿಸಿ, ಧ್ವನಿಯ ಗುಣ ಕೆಡಿಸದೆ ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿ ಇಡಬಹುದು. ಅದರಲ್ಲಿ ಕಂತೆ ತುಂಬಿಸುವ ಮೌನವಿರುವುದಿಲ್ಲ, ಪ್ಲೇಯರ್‌ಗೆ ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವ ‘ಗ್ಯಾಪ್‌ಲೆಸ್’ ಸೌಲಭ್ಯವಿದ್ದರಾಯಿತು. ‘ಆಲ್ಬಮ್ ಆರ್ಟಿಸ್ಟ್’ ಎಂಬಲ್ಲಿ ಎಲ್ಲ ಹಾಡುಗಳಿಗೂ ‘ವೇರಿಯಸ್ ಆರ್ಟಿಸ್ಟ್ಸ್’ ಎಂದೇ ತುಂಬಿ. ಇಲ್ಲದಿದ್ದರೆ ಹದಿನೈದು ಕಲಾವಿದರ ಸಿ.ಡಿ. ಮೊಬೈಲಿನಲ್ಲಿ ಹದಿನೈದು ಆಲ್ಬಮ್‌ಗಳಾಗಿ ಚೆಲ್ಲಾಪಿಲ್ಲಿಯಾಗುತ್ತದೆ. ಮತ್ತೆ ಸಿ.ಡಿ.ಗೇ ಬರೆಯುವವರು ಎಲ್ಲವನ್ನೂ ಒಂದೇ ಉಸಿರಿಗೆ ಬರೆಯುವ ‘ಡಿಸ್ಕ್-ಅಟ್-ಒನ್ಸ್’ ಆರಿಸಬೇಕು. ಹಾಡುಹಾಡಾಗಿ ಬರೆಯುವ ‘ಟ್ರ್ಯಾಕ್-ಅಟ್-ಒನ್ಸ್’ ಆರಿಸಿದರೆ ಹಾಡುಗಳ ನಡುವೆ 2 ಸೆಕೆಂಡಿನ ಮೌನ ಗ್ಯಾರಂಟಿ.

ಪೆನ್‌ಡ್ರೈವನ್ನು ಕಾರಿಗೆ ಸಿಕ್ಕಿಸುವ ಮುನ್ನ, ಕ್ಯೂ ಫೈಲಿನಲ್ಲಿರುವ ಪ್ರತಿ ಗಡಿಗಿಂತ 20 ಸೆಕೆಂಡು ಹಿಂದಿನಿಂದ ಕೇಳುತ್ತ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿ ನೋಡಿ. ಬೆರಳು ಎಲ್ಲಿ ತಪ್ಪುತ್ತದೋ ಆ ನಿಮಿಷವನ್ನು ಗುರುತು ಹಾಕಿಕೊಂಡು, ಸಿ.ಡಿ.ಯನ್ನು ಇನ್ನೊಮ್ಮೆ ಒರೆಸಿ ಮತ್ತೆ ಇಳಿಸಿ.