ಸೋಂಕು ಎಣಿಸಲಾಗದ ಕಡೆ ಏನನ್ನು ಅಳೆಯಬೇಕು? ಹುಡುಗಿಯರ ಎಚ್‌ಐವಿ ತಡೆ ಕಾರ್ಯಕ್ರಮದ ಮೌಲ್ಯಮಾಪನ: ನನ್ನ ಅನುಭವ

ಹದಿಹರೆಯದ ಹುಡುಗಿಯರ ಎಚ್‌ಐವಿ ತಡೆ ಕಾರ್ಯಕ್ರಮ ಫಲ ಕೊಟ್ಟಿತೇ ಎಂದು ನೋಡಲು ಹೊರಟಾಗ ನಾನು ಮೊದಲು ಮಾಡುವುದು ಸಂಖ್ಯೆಯ ಲೆಕ್ಕ. ವರ್ಷಕ್ಕೆ 100ರಲ್ಲಿ ಒಬ್ಬಳಿಗೆ ಹೊಸದಾಗಿ ಸೋಂಕು ತಗಲುವ ಪ್ರದೇಶ ಎಂದಿಟ್ಟುಕೊಳ್ಳಿ. ಕಾರ್ಯಕ್ರಮ ಅದನ್ನು ಅರ್ಧಕ್ಕೆ ಇಳಿಸಿದರೂ, ಆ ಇಳಿಕೆ ಅಧ್ಯಯನದಲ್ಲಿ ಕಾಣುವ ಸಾಧ್ಯತೆ ಶೇ 80 ಇರಬೇಕಾದರೆ ಕಾರ್ಯಕ್ರಮ ಸಿಕ್ಕವರು, ಸಿಗದವರು ಎಂಬ ಎರಡು ಗುಂಪುಗಳಲ್ಲಿ ಪ್ರತಿಯೊಂದರಲ್ಲೂ ಸುಮಾರು 4,700 ಹುಡುಗಿಯರನ್ನು ಒಂದು ವರ್ಷ ಗಮನಿಸಬೇಕು. ಸೋಂಕು ಸಾವಿರಕ್ಕೆ ಒಂದಾದರೆ ಇದು 47,000 ದಾಟುತ್ತದೆ. ನಮ್ಮ ಹಳ್ಳಿಗಳಲ್ಲಿ ಈ ವಯಸ್ಸಿನವರ ಸೋಂಕು ಅದಕ್ಕಿಂತಲೂ ಕಡಿಮೆ. ಹಾಗಾಗಿ ಇಲ್ಲಿ ರಕ್ತಪರೀಕ್ಷೆಯ ಫಲಿತಾಂಶದಿಂದ ಕಾರ್ಯಕ್ರಮವನ್ನು ಅಳೆಯುವ ಮಾತೇ ಇಲ್ಲ.

ಉಳಿಯುವುದು ಸೋಂಕು ತಡೆಯುವತ್ತ ಒಯ್ಯುವ ನಡುವಿನ ಮೆಟ್ಟಿಲುಗಳು: ಶಾಲೆ ಬಿಡದಿರುವುದು, ಮದುವೆ ತಡವಾಗುವುದು, ಹಿಂಸೆ ಕಡಿಮೆಯಾಗುವುದು. ಇವಕ್ಕೂ ಒಬ್ಬೊಬ್ಬ ಹುಡುಗಿಯ ಬದಲು ಇಡೀ ಹಳ್ಳಿಯನ್ನೇ ಒಂದು ಘಟಕವಾಗಿ ಎರಡು ಗುಂಪುಗಳಿಗೆ ಹಂಚಿದರೆ ಬೇಕಾಗುವ ಹುಡುಗಿಯರ ಸಂಖ್ಯೆ ಹಿಗ್ಗುತ್ತದೆ, ಏಕೆಂದರೆ ಒಂದೇ ಊರಿನ ಹುಡುಗಿಯರ ಬದುಕು ಒಂದನ್ನೊಂದು ಹೋಲುತ್ತದೆ. ಹಳ್ಳಿಗೆ 30 ಜನ, ಒಂದೇ ಊರಿನವರ ಈ ಸಾಮ್ಯದ ಅಳತೆ (0 ಎಂದರೆ ಸಾಮ್ಯವೇ ಇಲ್ಲ, 1 ಎಂದರೆ ಎಲ್ಲರೂ ಒಂದೇ) 0.05 ಇದ್ದರೆ 1 + 29 × 0.05, ಅಂದರೆ 2.45 ಪಟ್ಟು. ಊರಿಗೆ ಇನ್ನಷ್ಟು ಹುಡುಗಿಯರನ್ನು ಸೇರಿಸುವುದಕ್ಕಿಂತ ಊರುಗಳನ್ನೇ ಹೆಚ್ಚಿಸುವುದು ಲಾಭ.

ದೊಡ್ಡ ಅಪಾಯ ಹೋಲಿಕೆಯ ಹಳ್ಳಿಗಳಲ್ಲಿ, ಅಂದರೆ ಕಾರ್ಯಕ್ರಮ ನಡೆಯದ ಹಳ್ಳಿಗಳಲ್ಲಿದೆ: ಅಲ್ಲಿಯೂ ಸ್ಥಿತಿ ಆಗಲೇ ಚೆನ್ನಾಗಿದ್ದರೆ ವ್ಯತ್ಯಾಸ ಕಾಣುವುದಿಲ್ಲ. ದಕ್ಷಿಣ ಆಫ್ರಿಕಾದ ಎಂಪುಮಲಾಂಗ ಪ್ರಾಂತ್ಯದಲ್ಲಿ 2,533 ಹುಡುಗಿಯರ ಅಧ್ಯಯನ ನಡೆಯಿತು. ಶಾಲೆಯ ಶೇ 80 ದಿನ ಹಾಜರಾದರೆ ಹುಡುಗಿಗೂ ಮನೆಯವರಿಗೂ ತಿಂಗಳಿಗೆ ಹಣ. ಹಣ ಸಿಗದ ಗುಂಪಿನ ಹಾಜರಾತಿಯೂ ಶೇ 95ರ ಸುತ್ತ ಇತ್ತು. ಸೋಂಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ 2014ರಿಂದ 2017ರವರೆಗೆ ನಡೆದ 'ಸಮತಾ' ಪ್ರಯೋಗದಲ್ಲೂ ಶಾಲೆ ಬಿಡುವುದರಲ್ಲಿ, ಮದುವೆಯಲ್ಲಿ ಎರಡು ಗುಂಪುಗಳ ನಡುವೆ ಒಟ್ಟಾರೆ ವ್ಯತ್ಯಾಸ ಸಿಗಲಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರನ್ನು ಏಳನೇ ತರಗತಿಯಿಂದ ಹತ್ತನೆಯವರೆಗೆ ಗಮನಿಸಿದ ಪ್ರಯೋಗ ಅದು. ಹೋಲಿಕೆಯ ಗುಂಪಿಲ್ಲದೆ ಮೊದಲು–ಆಮೇಲೆ ಎಂದಷ್ಟೇ ನೋಡುವವರು ಕಾಲದೊಂದಿಗೆ ತಾನಾಗಿಯೇ ಆದ ಸುಧಾರಣೆಯನ್ನೂ ಕಾರ್ಯಕ್ರಮದ ಖಾತೆಗೆ ಬರೆದುಕೊಳ್ಳುತ್ತಾರೆ. ಅದಕ್ಕೇ ಶುರುವಿಗೆ ಮುನ್ನವೇ ಹೋಲಿಕೆಯ ಊರುಗಳಲ್ಲಿ ಆ ಮೆಟ್ಟಿಲು ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತೇನೆ. ಆಗಲೇ ಶೇ 90 ದಾಟಿದ್ದರೆ ಆ ಅಳತೆ ಬೇಡ.

ಅರಿವಿನ ಪ್ರಶ್ನೆಗಳನ್ನು ನಂಬಿ ಕೂರುವಂತಿಲ್ಲ. ಟಾಂಜಾನಿಯಾದ ಎಂವಾಂಜಾ ಪ್ರದೇಶದಲ್ಲಿ ನಡೆದ ಇಂಥ ಕಾರ್ಯಕ್ರಮದಿಂದ ಯುವಜನರ ತಿಳಿವಳಿಕೆ ಏರಿತು, ಸೋಂಕು ಇಳಿಯಲಿಲ್ಲ.

ಲೈಂಗಿಕ ನಡವಳಿಕೆಯ ಬಗ್ಗೆ ಎದುರಿಗೆ ಕೂತು ಕೇಳಿದರೆ ಹುಡುಗಿ 'ಇಲ್ಲರೀ' ಎನ್ನುವುದೇ ಸಹಜ. ಅದಕ್ಕೆ ಕರ್ನಾಟಕದಲ್ಲಿ ಬಹಳ ಬಳಕೆಯಲ್ಲಿರುವ ಮತಗಟ್ಟೆ ವಿಧಾನ ಒಳ್ಳೆಯದು. ಹತ್ತು–ಹನ್ನೆರಡು ಜನರ ಗುಂಪು, ಒಬ್ಬೊಬ್ಬರಿಗೂ ರಟ್ಟಿನ ಮರೆ. ಮರೆಯ ಹಿಂದೆ ಮೂರು ಡಬ್ಬಿ: ಹೌದು ಎನ್ನಲು ಹಸಿರು, ಇಲ್ಲ ಎನ್ನಲು ಕೆಂಪು, ತನಗೆ ಅನ್ವಯಿಸದಿದ್ದರೆ ಬಿಳಿ. ಪ್ರಶ್ನೆಯ ಸಂಖ್ಯೆ ಬರೆದ ಚೀಟಿಗಳ ಕಟ್ಟು ಎಲ್ಲರ ಕೈಯಲ್ಲೂ ಇರುತ್ತದೆ. ಪ್ರಶ್ನೆಯನ್ನು ಎರಡು ಸಲ, ಅವರ ಆಡುಮಾತಿನಲ್ಲೇ ಓದಬೇಕು. ಮೊದಲು 'ಇವತ್ತು ಚಹಾ ಕುಡಿದಿರಾ' ಎಂಬಂಥ ಎರಡು ಪ್ರಶ್ನೆಗಳಲ್ಲಿ ಅಭ್ಯಾಸ. ತಪ್ಪುವುದು ಹೆಚ್ಚಾಗಿ ಬಿಳಿ ಡಬ್ಬಿಯಲ್ಲಿ: ಮದುವೆಯಾಗದವಳು ಗಂಡನ ಕುರಿತ ಪ್ರಶ್ನೆಯ ಚೀಟಿಯನ್ನು ಕೆಂಪಿಗೆ ಹಾಕಿದರೆ ಲೆಕ್ಕವೇ ಕೆಡುತ್ತದೆ. ಒಂದು ಚೀಟಿ ಕಡಿಮೆ ಬಂದರೂ ಆ ಪ್ರಶ್ನೆಯ ಛೇದವನ್ನು ಬದಲಿಸಿ, ಊಹಿಸಿ ತುಂಬಬೇಡಿ. ಈ ವಿಧಾನ ಕೊಡುವುದು ಗುಂಪಿನ ಉತ್ತರ ಮಾತ್ರ. ಒಬ್ಬಳ ಎರಡು ಉತ್ತರಗಳನ್ನು ಜೋಡಿಸಲಾಗದು. 18ರ ಒಳಗಿನವರ ವಿಷಯದಲ್ಲಿ ಈ ಮಿತಿಯೇ ರಕ್ಷಣೆ ಕೂಡ. ಹೆಸರು ಸಹಿತ ಉತ್ತರ ಸಿಕ್ಕರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ವರದಿ ಮಾಡುವ ಹೊಣೆ ಬರುತ್ತದೆ. ಅದನ್ನು ಹುಡುಗಿಗೂ ಪೋಷಕರಿಗೂ ಒಪ್ಪಿಗೆ ಪಡೆಯುವಾಗಲೇ ಹೇಳಬೇಕು. ಪೋಷಕರ ಸಹಿ ಬಂದಿದೆ ಎಂದು ಹುಡುಗಿಯನ್ನು ಕೇಳದೆ ಬಿಡುವುದು ಅನ್ಯಾಯ.

ಕೊನೆಯ ಭೇಟಿಗೆ ಸಿಗದೆ ಕೈತಪ್ಪಿ ಹೋಗುವವರು ಯಾರು ಎಂಬುದು ಎಷ್ಟು ಜನ ಎಂಬುದಕ್ಕಿಂತ ಮುಖ್ಯ. 'ಸಮತಾ'ದಲ್ಲಿ 2,457ರಲ್ಲಿ 2,275 ಹುಡುಗಿಯರು ಕೊನೆಗೂ ಸಿಕ್ಕರು, ಇದು ಬಹಳ ಒಳ್ಳೆಯ ಪ್ರಮಾಣ. ಸಾಮಾನ್ಯವಾಗಿ ಸಿಗದೆ ಹೋಗುವವಳು ಮದುವೆಯಾಗಿ ಗಂಡನ ಮನೆಗೆ ಹೋದವಳು ಅಥವಾ ಮನೆಯವರೊಂದಿಗೆ ಕಬ್ಬು ಕಡಿಯಲು ಗುಳೆ ಹೋದವಳು, ಅಂದರೆ ನಮಗೆ ಅತ್ಯಂತ ಮುಖ್ಯವಾದವಳು. ಶುರುವಿನಲ್ಲೇ ತವರಿನ ಕಡೆಯ ಇಬ್ಬರ ಫೋನ್ ನಂಬರ್ ಪಡೆಯಿರಿ. ಭೇಟಿಯನ್ನು ಊರ ಜಾತ್ರೆಗೋ ಯುಗಾದಿಗೋ ಹೊಂದಿಸಿ. ಬಾಲ್ಯವಿವಾಹ ಅಪರಾಧವಾದ್ದರಿಂದ ಮದುವೆಯ ವಯಸ್ಸನ್ನು ಮನೆಯವರು ಏರಿಸಿ ಹೇಳುತ್ತಾರೆ. ಶಾಲಾ ದಾಖಲಾತಿಯ ಜನ್ಮದಿನಾಂಕದೊಂದಿಗೆ ತಾಳೆ ನೋಡಬೇಕು. ಹಾಜರಿ ಪುಸ್ತಕವೂ ಅಷ್ಟೆ. ಮುನ್ಸೂಚನೆಯಿಲ್ಲದೆ ಹೋಗಿ ತಲೆ ಎಣಿಸಿದ ದಿನದ ಸಂಖ್ಯೆಯೇ ಗಟ್ಟಿ.

ಕೊನೆಯದು, ಯಾರಿಗೆ ಕಾರ್ಯಕ್ರಮ ಎಷ್ಟು ಮುಟ್ಟಿತು ಎಂಬುದು. 'ನೋಂದಾಯಿತ' ಎಂಬ ಒಂದೇ ಕಾಲಂ ಸಾಲದು. ದಿನಾಂಕ, ಯಾವ ಪಾಠ, ಎಷ್ಟು ನಿಮಿಷ ಎಂದು ಪ್ರತಿ ಹುಡುಗಿಗೂ ಬರೆಯಿಸಬೇಕು. ಆದರೆ ಒಂದೇ ಊರಿನಲ್ಲಿ ಹೆಚ್ಚು ಬಂದವರನ್ನು ಬಾರದವರೊಂದಿಗೆ ಹೋಲಿಸಿ ಗೆದ್ದೆವು ಎನ್ನಬೇಡಿ. ತಪ್ಪದೆ ಬಂದವಳ ಮನೆಯವರು ಅವಳನ್ನು ಮೊದಲೇ ಓದಿಸುವ ಮನಸ್ಸಿನವರಾಗಿರುತ್ತಾರೆ. ಮುಖ್ಯ ಕೋಷ್ಟಕದಲ್ಲಿ ಎಲ್ಲರೂ ತಮಗೆ ಹಂಚಿಕೆಯಾದ ಗುಂಪಿನಲ್ಲೇ ಇರಲಿ, ಒಂದು ಪಾಠಕ್ಕೂ ಬಾರದವಳೂ ಸೇರಿ. ಹಾಜರಾತಿಯ ಲೆಕ್ಕ ಅದರ ಕೆಳಗೆ, ಬೇರೆ ಕೋಷ್ಟಕದಲ್ಲಿ ಬರಲಿ.